ಸಿರಿವಾಳದ ಸೊಸೆ ಮಂತ್ರಿಯಾದದ್ದು

"ಕೇಳಿರಿ, ಸಿರಿವಾಳದ ಒಕ್ಕಲೆಲ್ಲ ಕೇಳಿರಿ! ನಾಡಿನ ಮಕ್ಕಳು ಜ್ವರ ಬಂದು ಮಲಗಿವೆ. ಅದಕ್ಕೆ ಮದ್ದಾಗುವ ಬೇರು ನೆರೆಯ ಹೊನ್ನಗಿರಿಯ ಕಾಡಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅಲ್ಲಿನ ರಾಣಿ ಕೇತಲದೇವಿ ಮೂರು ಒಗಟು ಕೇಳುತ್ತಾಳೆ. ಬಿಡಿಸಿದವರಿಗೆ ಗಡಿ ತೆರೆಯುತ್ತಾಳೆ, ತಪ್ಪಿದವರ ತಲೆ ತೆಗೆಯುತ್ತಾಳೆ. ಗೆದ್ದು ಬಂದವರಿಗೆ ಬಾಚರಸ ದೊರೆಗಳು ಮಂತ್ರಿಪದವಿ ಕೊಟ್ಟು, ಎರಡು ನಾಡಿನ ನಡುವಿನ ಮಾತುಕತೆಯನ್ನೆಲ್ಲ ಅವರಿಗೇ ಒಪ್ಪಿಸುತ್ತಾರೆ. ಗಂಡಾಗಲಿ ಹೆಣ್ಣಾಗಲಿ, ಧೈರ್ಯವಿದ್ದವರು ಹೊರಡಿರಿ!"

ಡಂಗುರದವನು ಬೀದಿಯ ತಿರುವು ದಾಟಿದ ಮೇಲೂ ದೇವೀರಿ ಬಾಗಿಲಲ್ಲೇ ನಿಂತಿದ್ದಳು. ಅವಳ ತವರು ಹೊನ್ನಗಿರಿ. ಅಲ್ಲಿನ ಕುಂಬಾರರ ಮಗಳು, ಇಲ್ಲಿನ ಕುಂಬಾರರಿಗೆ ಸೊಸೆಯಾಗಿ ಬಂದವಳು. ಬಂದ ಮರುವರ್ಷವೇ ಗಡಿ ಮುಚ್ಚಿತ್ತು. ಅಲ್ಲಿಂದೀಚೆಗೆ ಹೆತ್ತವಳ ಮುಖ ಕಂಡಿರಲಿಲ್ಲ. ಈಗ ಒಳಗೆ ಅವಳ ಕೂಸು ಜ್ವರದಲ್ಲಿ ಕನವರಿಸುತ್ತಿತ್ತು.

"ಅತ್ತೆ, ನಾನು ಹೋಗಲಾ?"

"ತಪ್ಪಿದರೆ ತಲೆ ಹೋಗುತ್ತದಲ್ಲೇ," ಎಂದಳು ಅತ್ತೆ. ಆಮೇಲೆ ಕೂಸಿನ ಹಣೆ ಮುಟ್ಟಿ ನೋಡಿದಳು. "ಹೋಗು ಮಗಳೇ. ಕೂಸನ್ನು ನಾನು ಉಳಿಸಿಟ್ಟುಕೊಳ್ಳುತ್ತೇನೆ. ನಿನ್ನ ತಲೆ ನೀನು ಉಳಿಸಿಕೋ."

ಅವಳ ಜೊತೆ ಇನ್ನಿಬ್ಬರು ಹೊರಟರು: ಒಬ್ಬ ದಂಡನಾಯಕ, ಒಬ್ಬ ಆಸ್ಥಾನ ಪಂಡಿತ. ಮಂತ್ರಿಪದವಿಯ ಮೇಲೆ ಇಬ್ಬರಿಗೂ ಮೊದಲಿಂದ ಕಣ್ಣಿತ್ತು.

ಹೊನ್ನಗಿರಿಯ ಅರಮನೆಯಲ್ಲಿ ಅವರನ್ನು ಎದುರುಗೊಂಡ ಕೇತಲದೇವಿ ನರೆತ ತಲೆಯ ಹೆಂಗಸು. ಮಾತು ಮೆಲ್ಲಗೆ. "ಮೊದಲನೆಯದು. ಎರಡು ಮನೆಯ ಅನ್ನ ಉಂಡದ್ದು, ಎರಡು ಮನೆಯ ಗುಟ್ಟು ಬಲ್ಲದ್ದು, ಎರಡಕ್ಕೂ ಕೇಡು ಬಯಸದ್ದು. ಯಾವುದದು?"

ದಂಡನಾಯಕ ಮೀಸೆ ತೀಡಿ, "ಗೂಢಚಾರ," ಎಂದ.

"ಗೂಢಚಾರ ಒಂದು ಮನೆಯನ್ನಾದರೂ ಕೆಡಿಸುತ್ತಾನೆ, ದಂಡನಾಯಕರೇ."

ಕಾವಲಿನವರು ಅವನ ಕೈ ಕಟ್ಟಿ ಪಕ್ಕಕ್ಕೆ ನಿಲ್ಲಿಸಿದರು.

"ಮದುವೆ ಮಾಡಿ ಕೊಟ್ಟ ಮಗಳು, ತಾಯಿ," ಎಂದಳು ದೇವೀರಿ. "ತವರಿನ ಗುಟ್ಟು ಅತ್ತೆಮನೆಯಲ್ಲಿ ಆಡುವುದಿಲ್ಲ, ಅತ್ತೆಮನೆಯದ್ದು ತವರಿನಲ್ಲಿ ಆಡುವುದಿಲ್ಲ. ಎರಡು ಕಡೆಯೂ ದೀಪ ಉರಿಯಲಿ ಅಂತಲೇ ಬೇಡಿಕೊಳ್ಳುತ್ತಾಳೆ."

ರಾಣಿ ಅವಳನ್ನು ಆಗ ನೆಟ್ಟಗೆ ನೋಡಿದಳು. "ನೆರೆನಾಡಿಗೆ ಹೋಗುವ ಮಂತ್ರಿಯೂ ಹಾಗೇ ಇರಬೇಕು. ಎರಡನೆಯದು. ಕಾವಲಿನವರ ಕಣ್ಣಿಗೆ ಬೀಳದೆ ಗಡಿ ದಾಟುತ್ತದೆ. ನೆರೆಮನೆಗೆ ಬಂದಾಗ ಬಾಗಿಲು ಹಾಕಿಕೊಂಡು ಕೂತವನ ಮನೆಗೆ ಹಿತ್ತಲಿಂದ ನುಗ್ಗುತ್ತದೆ. ಏನು?"

"ಬೇನೆ," ಎಂದ ಪಂಡಿತ. "ಜ್ವರಕ್ಕೆ ಯಾವ ನಾಡೂ ಪರನಾಡಲ್ಲ. ನೆರೆಯಲ್ಲೇ ಮದ್ದು ಮಾಡಿದರೆ ನಮ್ಮಲ್ಲಿಗೆ ಬಾರದು."

"ಸರಿಯಾಗಿ ಹೇಳಿದಿರಿ. ಮೂರನೆಯದು. ಕೊಟ್ಟವರು ಅದನ್ನು ಮರೆಯಬೇಕು, ಪಡೆದವರು ನೆನೆಯಬೇಕು. ಅದಲುಬದಲಾದರೆ ನಡುವೆ ಮುಳ್ಳು ಬೆಳೆಯುತ್ತದೆ."

ಪಂಡಿತನಿಗೆ ಹುರುಪು ಬಂದಿತ್ತು. "ಪೆಟ್ಟು. ಹೊಡೆದವನಿಗೆ ಮರೆವು, ತಿಂದವನಿಗೆ ನೆನಪು."

"ಪೆಟ್ಟನ್ನು ತಿಂದವನು ನೆನೆಯುತ್ತ ಕೂತರೆ ತಾನೇ ಮುಳ್ಳು ಬೆಳೆಯುವುದು?" ಎಂದಳು ರಾಣಿ. ಅವನ ಕೈಗೂ ಹಗ್ಗ ಬಿತ್ತು.

ದೇವೀರಿಗೆ ಉತ್ತರ ಹೊಳೆದಿತ್ತು. ಆದರೆ ಅದನ್ನು ಪೂರ್ತಿ ಹೇಳಿದರೆ ರಾಣಿಯ ಸಿಟ್ಟಿಗೆ ತುತ್ತಾಗಬೇಕಿತ್ತು. ಕೂಸನ್ನು ನೆನೆದು ಬಾಯಿ ಬಿಟ್ಟಳು.

"ಉಪಕಾರ, ತಾಯಿ. ನಾನು ಸೊಸೆಯಾಗಿ ಹೋದ ವರ್ಷ ಸಿರಿವಾಳದಲ್ಲಿ ಬರ. ನೀವು ಎತ್ತಿನ ಮೇಲೆ ಕಾಳು ಹೇರಿ ಕಳಿಸಿದಿರಿ. ಬೆಳೆ ಬಂದ ಮೇಲೆ ನಮ್ಮ ದೊರೆ ಒಂದು ಒಳ್ಳೆಯ ಮಾತೂ ಆಡಲಿಲ್ಲ, ಗಡಿಕಲ್ಲು ಸರಿಸಲು ಜಗಳಕ್ಕೆ ನಿಂತರು. ಪಡೆದವರು ಮರೆತರು, ಅದು ತಪ್ಪು. ಕೊಟ್ಟ ನೀವು ಅದನ್ನು ಮರೆಯದೆ ಗಡಿ ಮುಚ್ಚಿದಿರಿ. ಅದೂ..." ಅವಳು ಕೈಮುಗಿದಳು. "ಅರಮನೆ ಮರೆತಿರಬಹುದು, ಅಡುಗೆಮನೆ ಮರೆತಿಲ್ಲ. ನನ್ನ ಅತ್ತೆ ಇವತ್ತಿಗೂ ಒಲೆ ಹಚ್ಚುವಾಗ ನಿಮ್ಮ ಹೊಟ್ಟೆ ತಣ್ಣಗಿರಲಿ ಅನ್ನುತ್ತಾಳೆ."

ರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡು, "ತಪ್ಪದೆ ಉಳಿದವಳು ನೀನೊಬ್ಬಳೇ, ಗೆದ್ದೆ ಮಗಳೇ. ಏನು ಬೇಕು ಕೇಳು," ಎಂದಳು.

"ಬೇರು ಕೊಡಿ. ಇವರಿಬ್ಬರನ್ನೂ ಬಿಟ್ಟುಬಿಡಿ. ಇವರಿಗೂ ಮನೆಯಲ್ಲಿ ಕಾಯುವವರಿದ್ದಾರೆ."

ಹಗ್ಗ ಬಿಚ್ಚಿದಾಗ ಪಂಡಿತ ಕುಂಬಾರರ ಸೊಸೆಗೆ ಕೈಮುಗಿದ. ಬೇರಿನ ಮೂಟೆಗಳನ್ನು ತಾನೇ ಎತ್ತಿನ ಮೇಲೆ ಹೇರಿದ. ದಾರಿಯಲ್ಲಿ ದೇವೀರಿ ತವರಿನ ಬಾಗಿಲಲ್ಲಿ ನಿಂತು ಅವ್ವ ಕೊಟ್ಟ ಮಜ್ಜಿಗೆ ಕುಡಿದಳು, ಕೂರಲಿಲ್ಲ. ಮನೆ ಸೇರಿ ಕಷಾಯ ಕುಡಿಸಿದ ಮೇಲೆ ಕೂಸಿನ ಮೈ ಬೆವರಿ ಜ್ವರ ಬಿಟ್ಟಿತು. ಬೆಳಗ್ಗೆ ಅದು ಹಾಲಿಗೆ ಅತ್ತಾಗ ಅತ್ತೆಯೂ ಅತ್ತಳು.

ಊರೂರಿನ ಮಕ್ಕಳು ಎದ್ದು ಓಡಾಡತೊಡಗಿದವು. ಬಾಚರಸ ತುಂಬಿದ ಸಭೆಯಲ್ಲಿ ದೇವೀರಿಯನ್ನು ಮಂತ್ರಿಯ ಪೀಠದಲ್ಲಿ ಕೂರಿಸಿ, "ಮೊದಲು ಏನು ಕೆಲಸ ಮಾಡುತ್ತೀಯಮ್ಮ?" ಎಂದು ಕೇಳಿದ.

"ದೊರೆಗಳು ನನ್ನ ಜೊತೆ ಹೊನ್ನಗಿರಿಗೆ ಬರಬೇಕು."

"ನಾನು ಹೋಗುವುದಾದರೆ ಮಂತ್ರಿ ಯಾಕೆ?"

"ಬೇರು ತರಲು ನಾನು ಸಾಕು, ಬುದ್ಧಿ. ಉಪಕಾರ ಪಡೆದವರು ನೀವು, ಬಾಯಿಬಿಟ್ಟು ಹೇಳಬೇಕಾದವರೂ ನೀವೇ. ನಿಮ್ಮನ್ನು ಆ ಬಾಗಿಲಿಗೆ ಮುಟ್ಟಿಸುವುದು ಮಂತ್ರಿಯ ಕೆಲಸ."

ದೊರೆ ತಲೆತಗ್ಗಿಸಿದ. ಮರುದಿನ ಹೊರಟ.

ಹೊನ್ನಗಿರಿಯ ಅಂಗಳದಲ್ಲಿ ಕಿರೀಟ ತೆಗೆದು ಕೈಯಲ್ಲಿ ಹಿಡಿದು ಹೇಳಿದ: "ಅಮ್ಮಾ, ಬರದಲ್ಲಿ ಕಾಳು ಕೊಟ್ಟು ನನ್ನ ನಾಡನ್ನು ಉಳಿಸಿದಿರಿ. ಆಗ ಹೇಳಬೇಕಾದ ಮಾತು ಹೇಳಲಿಲ್ಲ. ಈಗ ಹೇಳಲು ಬಂದಿದ್ದೇನೆ. ನಿಮ್ಮಿಂದ ನಾವು ಬದುಕಿದೆವು."

ಕೇತಲದೇವಿ ದೇವೀರಿಯ ಕಡೆ ಒಮ್ಮೆ ನೋಡಿದಳು.

"ಕಾಳೇ? ಯಾವ ಕಾಳು, ಅರಸರೇ? ನನಗೊಂದೂ ನೆನಪಿಲ್ಲ," ಎಂದು, ಬಂದವರಿಗೆಲ್ಲ ಊಟಕ್ಕೆ ಎಲೆ ಹಾಕಿಸಿದಳು.