ಶಾಂತಮಲ್ಲಪ್ಪನವರಿಗೆ ನುಡಿನಮನ

ನದಿಯ ಈಚೆ ದಡದಲ್ಲಿ ಮಹಲಿಂಗ ಸ್ವಾಮಿಗಳ ಮಠ, ಆಚೆ ದಡದಲ್ಲಿ ಪೇಟೆ. ನಡುವೆ ಒಂದು ಸೇತುವೆ. ಆ ಸೇತುವೆಯನ್ನು ಕಟ್ಟಿಸಿದ ಮಾಜಿ ಮಂತ್ರಿ ಶಾಂತಮಲ್ಲಪ್ಪನವರು ತೀರಿಕೊಂಡರು.

ಪೇಟೆಯಲ್ಲಿ ನುಡಿನಮನದ ಸಭೆ ನಿಗದಿಯಾಯಿತು. ಮಠದಿಂದ ಒಬ್ಬರು ಬಂದು ಎರಡು ಮಾತನಾಡಬೇಕೆಂದು ಕರೆ ಬಂತು.

ಸ್ವಾಮಿಗಳು ಶಿಷ್ಯ ಮಾದೇಶನನ್ನು ಕರೆದರು.

“ನೀನು ಹೋಗಿ ಬಾ.”

“ನಾನಾ, ಬುದ್ಧಿ?”

“ವೇದಿಕೆಗೆ ಮೆಟ್ಟಿಲಿರುತ್ತದೆ. ನನ್ನ ಮಂಡಿ ಒಪ್ಪುವುದಿಲ್ಲ.”

ಮಾದೇಶನಿಗೆ ಇಷ್ಟವಿರಲಿಲ್ಲ. ಅವನ ತಂದೆ ತೋಪಯ್ಯ ಇದೇ ನದಿಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದವನು. ಸೇತುವೆ ಬಂತು, ಹರಿಗೋಲಿನ ಕೆಲಸ ಮುಗಿಯಿತು. ಆ ಮನೆಯಲ್ಲಿ ಶಾಂತಮಲ್ಲಪ್ಪನವರ ಹೆಸರೆತ್ತಿದರೆ ಊಟ ಅರ್ಧಕ್ಕೇ ನಿಲ್ಲುತ್ತಿತ್ತು.

ಆದರೂ ಅದು ಗುರುವಿನ ಮಾತು. ಮಧ್ಯಾಹ್ನದೊಳಗೆ ಮಾದೇಶ ಒಂದು ಹಾಳೆ ಬರೆದು ತಂದು ಓದಿದ.

“ಅಜಾತಶತ್ರು, ಸರಳತೆಯ ಸಾಕಾರಮೂರ್ತಿ, ಬಡವರ ಬಂಧು. ಇವರ ಅಗಲಿಕೆಯಿಂದ ನಾಡಿಗೆ ತುಂಬಲಾರದ ನಷ್ಟವಾಗಿದೆ...”

“ಈ ಮಾತನ್ನು ನಾನು ಎಲ್ಲೋ ಕೇಳಿದ್ದೇನೆ,” ಎಂದರು ಸ್ವಾಮಿಗಳು.

“ತಾವೇ ಆಡಿದ್ದು, ಬುದ್ಧಿ. ಬಿಳಿಗಿರಯ್ಯನವರು ತೀರಿಕೊಂಡಾಗ.”

“ಚುನಾವಣೆಯಲ್ಲಿ ಇವರ ಎದುರು ನಿಲ್ಲುತ್ತಿದ್ದವರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.”

“ಹೆಸರು ಬದಲಾಯಿಸಿದೆ. ಚೆನ್ನಾಗಿ ಹೊಂದುತ್ತದೆ, ಬುದ್ಧಿ.”

“ಅದೇ ತೊಂದರೆ. ಆಗ ನಾನು ಸೋಮಾರಿಯಾಗಿದ್ದೆ. ಈಗ ನೀನು ಆಗಬೇಡ.”

ಮಾದೇಶನಿಗೆ ಕೋಪ ಬಂತು. ಒಳಗೆ ಹೋಗಿ ಇನ್ನೊಂದು ಹಾಳೆ ಬರೆದು ತಂದ. ಅದರಲ್ಲಿ ಅಧಿಕಾರದ ದಾಹವಿತ್ತು, ಬಡವರ ಹೊಟ್ಟೆಯ ಮೇಲೆ ಹೊಡೆದದ್ದಿತ್ತು, ಹುಸಿ ಭರವಸೆಗಳಿದ್ದವು.

ಸ್ವಾಮಿಗಳು ಕೊನೆಯವರೆಗೂ ಕೇಳಿದರು.

“ಇದನ್ನೂ ಯಾವ ಮಂತ್ರಿಯ ಮೇಲಾದರೂ ಹೊದಿಸಬಹುದು. ಅವರನ್ನು ನೀನು ಹತ್ತಿರದಿಂದ ನೋಡಿದ್ದೀಯಾ?”

“ಒಂದು ಸಲ ನೋಡಿದ್ದೇನೆ.”

“ನೋಡಿದ್ದನ್ನು ಹೇಳು.”

“ಸೇತುವೆಯ ಉದ್ಘಾಟನೆಯ ದಿನ, ಬುದ್ಧಿ. ರಿಬ್ಬನ್ ಕತ್ತರಿಸಿ ಎಲ್ಲರೂ ಪೆಂಡಾಲಿಗೆ ಊಟಕ್ಕೆ ಹೋದರು. ಅವರೊಬ್ಬರೇ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿಗೆ ಇಳಿದು ಹರಿಗೋಲಿನ ಬಳಿ ಬಂದರು. ‘ತೋಪಯ್ಯ, ನಿನ್ನ ಕೆಲಸ ನನ್ನಿಂದ ಹೋಯಿತು. ಸೇತುವೆಯ ಕಾವಲಿನ ಕೆಲಸವನ್ನು ನಿನಗೇ ಕೊಡಿಸುತ್ತೇನೆ’ ಎಂದರು. ಅಪ್ಪ ಮುಖ ತಿರುಗಿಸಿಕೊಂಡ.”

“ಕೊಡಿಸಿದರೋ?”

“ಕೆಲಸ ಬೇರೆಯವರಿಗೆ ಹೋಯಿತು.”

“ಯಾಕೆ?”

ಮಾದೇಶ ಹಾಳೆಯನ್ನು ಮಡಿಸಿದ, ಮತ್ತೆ ಬಿಡಿಸಿದ.

“ಬಂದು ಸೇರಿಕೋ ಎಂದು ಅವರು ಆಳು ಕಳಿಸಿದ್ದರು. ಅಪ್ಪ ಬೈದು ಅಟ್ಟಿದ. ಮತ್ತೊಮ್ಮೆ ಕಳಿಸಿದರು. ಆಗಲೂ ಅಟ್ಟಿದ.”

“ಇಷ್ಟನ್ನು ಹೇಳು. ಹಾಳೆ ಬೇಡ.”

“ನಾನು ಮಾತನಾಡುತ್ತೇನೆಂದು ಅಪ್ಪನೂ ಸಭೆಗೆ ಬರುತ್ತಾನೆ, ಬುದ್ಧಿ.”

“ಬರಲಿ. ಕುರ್ಚಿ ಹಾಕಿರುತ್ತಾರೆ.”

ಮರುದಿನ ಸಭೆ ಸೇರಿತು. ಹಾರ ಹಾಕಿದ ಭಾವಚಿತ್ರ, ಎರಡು ನಿಮಿಷದ ಮೌನ, ಆಮೇಲೆ ಮಾತು. ಒಬ್ಬರು ಅಗಲಿದ ದಿವ್ಯ ಚೇತನ ಎಂದರು. ಇನ್ನೊಬ್ಬರು ತಮಗೆ ಈ ಸಲ ಟಿಕೆಟ್ ತಪ್ಪಿದ್ದನ್ನು ಹೇಳಿಕೊಂಡರು. ಶಾಂತಮಲ್ಲಪ್ಪನವರ ಪತ್ನಿ ದಾಕ್ಷಾಯಿಣಮ್ಮನವರು ಮೊದಲ ಸಾಲಿನಲ್ಲಿ ಕುಳಿತು ಎಲ್ಲರಿಗೂ ಒಂದೇ ರೀತಿ ತಲೆಯಾಡಿಸುತ್ತಿದ್ದರು.

ಮಾದೇಶನ ಸರದಿ ಬಂತು.

ನೆರೆ ಬಂದ ವರ್ಷ ತನ್ನ ಅಕ್ಕನನ್ನು ಹೆರಿಗೆಗೆ ಈ ಸೇತುವೆಯ ಮೇಲೆ ಆಸ್ಪತ್ರೆಗೆ ಕರೆತಂದದ್ದನ್ನು ಅವನು ಹೇಳಿದ. ಅಂಥ ನೀರಿಗೆ ಯಾವ ಅಂಬಿಗನೂ ಹರಿಗೋಲು ಇಳಿಸುವುದಿಲ್ಲ, ತನ್ನ ತಂದೆಯೂ ಇಳಿಸುತ್ತಿರಲಿಲ್ಲ ಎಂದ. ಉದ್ಘಾಟನೆಯ ದಿನ ಮಂತ್ರಿಯೊಬ್ಬರು ಬರಿಗಾಲಿನಲ್ಲಿ ಮರಳಿಗಿಳಿದು ಬಂದು ಮಾತು ಕೊಟ್ಟದ್ದನ್ನು ಹೇಳಿದ.

ಮಾದೇಶ ತಲೆಯೆತ್ತಿದ. ಹಿಂದಿನ ಸಾಲಿನಲ್ಲಿ ತೋಪಯ್ಯ ಒಗೆದ ಟವಲನ್ನು ಹೆಗಲ ಮೇಲೆ ಹಾಕಿಕೊಂಡು ನೆಟ್ಟಗೆ ಕುಳಿತಿದ್ದ. ಸುತ್ತಲೂ ಅವನನ್ನು ಬಲ್ಲವರೇ.

“ಆ ಕೆಲಸ ನನ್ನ ತಂದೆಗೆ ಸಿಗಲಿಲ್ಲ,” ಎಂದ ಮಾದೇಶ. ಮುಂದಿನ ಮಾತು ಬಾಯಿಯ ತನಕ ಬಂತು. ಅವನು ಅದನ್ನು ನುಂಗಿದ. “ದೊಡ್ಡವರಿಗೂ ಎಲ್ಲ ಮಾತನ್ನು ನಡೆಸಲು ಆಗುವುದಿಲ್ಲ. ಆದರೆ ಸೇತುವೆ ನಿಂತಿದೆ. ಅವರಿಗೆ ಶರಣು.”

ಅವನು ಕೆಳಗಿಳಿದಾಗ ಯಾರೋ ಬೆನ್ನು ತಟ್ಟಿದರು. “ಭೇಷ್, ಮರಿ! ಇದ್ದದ್ದನ್ನು ಇದ್ದ ಹಾಗೆ ಹೇಳುವುದಕ್ಕೂ ಎದೆ ಬೇಕು.”

ದಾಕ್ಷಾಯಿಣಮ್ಮನವರು ಎದ್ದು ಬಂದರು.

“ಬೆಳಗಿನಿಂದ ಇವರೆಲ್ಲ ಯಾರ ವಿಷಯ ಮಾತನಾಡುತ್ತಿದ್ದಾರೋ ಎಂದುಕೊಂಡಿದ್ದೆ. ನಿಮ್ಮ ಮಾತಿನಲ್ಲಿ ನಮ್ಮ ಯಜಮಾನರು ಕಾಣಿಸಿದರು. ಮರೆಯುವುದು ಅವರ ಗುಣವೇ. ನನ್ನನ್ನೂ ಒಂದು ಸಲ ಬಸ್ ನಿಲ್ದಾಣದಲ್ಲಿ ಮರೆತು ಸಭೆಗೆ ಹೋಗಿಬಿಟ್ಟಿದ್ದರು.”

ಅವರು ನಕ್ಕರು. ಆಮೇಲೆ ಕೈಮುಗಿದರು.

“ನಿಮ್ಮ ತಂದೆಯವರಿಗೆ ಹೇಳಿ, ಯಜಮಾನರ ಪರವಾಗಿ ನಾನು ಕ್ಷಮೆ ಕೇಳಿದೆನೆಂದು.”

ಮಾದೇಶನೂ ಕೈಮುಗಿದ.

ಹಿಂತಿರುಗುವಾಗ ತಂದೆ ಮಗ ಇಬ್ಬರೂ ಸೇತುವೆಯ ಮೇಲೆ ನಡೆದರು. ಆ ಮಾತನ್ನು ಮಾದೇಶ ತಂದೆಗೆ ತಿಳಿಸಿದ. ಅರ್ಧ ಸೇತುವೆ ದಾಟಿದ ಮೇಲೆ ತೋಪಯ್ಯ ಕೇಳಿದ.

“ಆಳು ಬಂದಿದ್ದ ವಿಷ್ಯ ಯಾಕೆ ಬಿಟ್ಟೆ?”

“ನೀನು ಅಲ್ಲೇ ಕೂತಿದ್ದೆಯಲ್ಲ, ಅಪ್ಪ.”

“ಕೂತಿದ್ದೆ. ಕಿವೀನೂ ಇತ್ತು.” ತೋಪಯ್ಯ ನಿಂತ. “ಹೋಗದೆ ಇದ್ದೋನು ನಾನು. ಆಯಮ್ಮ ಕೈಮುಗಿದಿದ್ದನ್ನ ಈಗ ನಾನು ಎಲ್ಲಿ ಇಟ್ಕೊಳ್ಳಲಿ, ಹೇಳು ಮಗ?”

ಇಬ್ಬರೂ ಮಠದ ಕಡೆ ನಡೆದರು.

ಮಠದ ಜಗಲಿಯಲ್ಲಿ ಸ್ವಾಮಿಗಳು ಅವರೆಕಾಯಿ ಸುಲಿಯುತ್ತಿದ್ದರು. ತೋಪಯ್ಯ ಅಡ್ಡಬಿದ್ದು ಮೆಟ್ಟಿಲ ಬಳಿ ಕುಳಿತ.

“ಹೇಗಾಯಿತು?”

“ಎಲ್ಲರೂ ಮೆಚ್ಚಿದರು, ಬುದ್ಧಿ.”

“ಹಾಗಾದರೆ ಏನು ಬಿಟ್ಟೆ?”

ಮಾದೇಶ ನಡೆದದ್ದನ್ನೆಲ್ಲ ಹೇಳಿದ. ದಾಕ್ಷಾಯಿಣಮ್ಮನವರು ಕೈಮುಗಿದದ್ದನ್ನೂ ಹೇಳಿದ.

“ಅಪ್ಪನ ಮಾನ ಉಳಿಯಲಿ ಎಂದು ಬಿಟ್ಟೆ.”

“ಯಾರದನ್ನು ತೆಗೆದು ಉಳಿಸಿದೆ?”

ಸ್ವಾಮಿಗಳ ಕೈ ಕೆಲಸ ನಿಲ್ಲಿಸಿರಲಿಲ್ಲ. ಕಾಳು ಮೊರಕ್ಕೆ ಬೀಳುತ್ತಿತ್ತು.

“ತಪ್ಪಾಯಿತು, ಬುದ್ಧಿ. ಬರುವ ವಾರ ಪೇಟೆಯ ಸಂಘದವರು ಇನ್ನೊಂದು ಸಭೆ ಇಟ್ಟುಕೊಂಡಿದ್ದಾರೆ. ಅಲ್ಲಿ ಎಲ್ಲರೆದುರು ತಿದ್ದಿ ಹೇಳುತ್ತೇನೆ. ಅಪ್ಪನೂ ನನ್ನ ಜೊತೆ ವೇದಿಕೆ ಹತ್ತುತ್ತಾನೆ.”

“ಹತ್ತುತ್ತೀನಿ, ಬುದ್ಧಿ,” ಎಂದ ತೋಪಯ್ಯ.

ಸ್ವಾಮಿಗಳು ಮೊರವನ್ನು ಪಕ್ಕಕ್ಕೆ ಸರಿಸಿದರು.

“ಅಲ್ಲಿಯೂ ಹೇಳಿ. ಮೊದಲು ಈಗಲೇ ಆ ತಾಯಿಯ ಮನೆಗೆ ಹೋಗಿ. ಅಲ್ಲಿ ಮೈಕು ಇರುವುದಿಲ್ಲ.”