ಹವಳದ ತೊಟ್ಟಿಗೊಂದು ಟ್ಯೂಬ್‌ಲೈಟು

ಸುಳ್ಳು ಅನ್ನುವವರು ಈಗಲೇ ಎದ್ದು ಹೋಗಿ. ಇದು ನಮ್ಮೂರಿನ ಆಳಿನ ಕಥೆ.

ಸಾಹುಕಾರ ಚೆನ್ನವೀರಪ್ಪನವರು ಹಜಾರದ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳ ಸಾಕಿದ್ದರು. ಬೀಗರು ಬರುವ ದಿನ ಈ ಆಳನ್ನು ಕರೆದು, "ತೊಟ್ಟಿಗೆ ಒಳ್ಳೇ ಟ್ಯೂಬ್‌ಲೈಟು ತಂದು ಹಾಕು. ಹವಳ ಹೊಳೀಬೇಕು, ಅದಕ್ಕಿಂತ ನಾನು ಹೊಳೀಬೇಕು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ," ಎಂದರು.

ನಮ್ಮೂರವನು ಹೆದರುತ್ತಾನೆಯೇ? ಹವಳವನ್ನೂ ಬಿಳಿ ಬಟ್ಟೆಯನ್ನೂ ಕತ್ತಲಲ್ಲಿ ಹೊಳೆಸುವ ನೀಲಿ ಟ್ಯೂಬು ಹಾಕಿದ. ಧಣಿಗೆ ಬಿಳಿ ಅಂಗಿ, ಬಿಳಿ ಪಂಚೆ ತೊಡಿಸಿ ಪಕ್ಕದಲ್ಲಿ ನಿಲ್ಲಿಸಿದ. ಉಳಿದ ದೀಪಗಳನ್ನೆಲ್ಲ ನಂದಿಸಿದ. ಹವಳ ಹಸಿರಾಗಿ ಮಿನುಗಿತು. ಅಂಗಿ, ಪಂಚೆ ಅದಕ್ಕಿಂತ ಜೋರಾಗಿ ಹೊಳೆದವು. ಮುಖ ಮಾತ್ರ ಕತ್ತಲಲ್ಲಿ ಕಾಣಲೇ ಇಲ್ಲ.

"ಅಂಗಿ ನಿಂತಿದೆ, ನಮ್ಮ ಬೀಗರೆಲ್ಲಿ?" ಎಂದರು ಬಂದವರು.

ಸಾಹುಕಾರರು ಹಲ್ಲು ಕಡಿದರು. "ಏನೋ ಇದು?"

"ಹವಳದ ಕಡೆ ಯಾರಾದ್ರೂ ತಿರುಗಿ ನೋಡಿದ್ರಾ ಧಣಿ?"

ಒಬ್ಬರೂ ನೋಡಿರಲಿಲ್ಲ. ಅವನಿಗೆ ಕೆಲಸ ಉಳಿಯಿತು, ಮೇಲೊಂದು ಹೊಸ ಸೈಕಲ್ಲು ಸಿಕ್ಕಿತು.