ಚಂದ್ರನ ಗೂಟ

“ಬುದ್ಧೀ, ಜನರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಇನ್ನು ಯಾರ ಮಾತನ್ನೂ ಪೂರ್ತಿ ಕೇಳಬೇಕಾಗಿಲ್ಲವಂತೆ. ಇದು ನಿಜವೇ?”

ಹಾಗೆಂದು ಗುರುಗಳನ್ನು ಕೇಳಿದವನು ಶಿಷ್ಯ ಮರಿದೇವ. ಸಂಜೆಯ ಪೂಜೆಗೆ ಇನ್ನೂ ಹೊತ್ತಿತ್ತು. ಗುರುಗಳು ಮಠದ ಜಗುಲಿಯಲ್ಲಿ ಕುಳಿತಿದ್ದರು. ಮರಿದೇವ ಮೊಬೈಲನ್ನು ಅವರ ಮುಂದೆ ಹಿಡಿದು ಅದರ ಹೊಸ ಸೌಕರ್ಯಗಳನ್ನು ತೋರಿಸಿದ. ಎರಡಕ್ಷರ ಬರೆದರೆ ಸಾಕು, ಹುಡುಕುವ ಯಂತ್ರ ಉಳಿದ ಪ್ರಶ್ನೆಯನ್ನು ತಾನೇ ಬರೆದುಕೊಳ್ಳುತ್ತದೆ. ಬರೆದು ಮುಗಿಸುವ ಮೊದಲೇ ಉತ್ತರವನ್ನೂ ಕೊಡುತ್ತದೆ. ಇವತ್ತು ನಾಡಿನ ಜನ ಯಾವುದನ್ನು ಹೆಚ್ಚಾಗಿ ಹುಡುಕಿದರು ಎಂಬ ಪಟ್ಟಿಯೂ ಅದರಲ್ಲಿದೆ. ಆ ಪಟ್ಟಿ ನೋಡಿದರೆ ನಾಡಿನ ಮನಸ್ಸನ್ನೇ ನೋಡಿದ ಹಾಗೆ ಎಂದು ಅವನು ಹಿಗ್ಗಿ ಹೇಳುತ್ತಿದ್ದ.

ಅಷ್ಟರಲ್ಲಿ ದಾಸೋಹದ ಅಡುಗೆ ನೋಡಿಕೊಳ್ಳುವ ದೇವೀರಮ್ಮ ಬಾಗಿಲಿಗೆ ಬಂದು ನಿಂತಳು. “ಮರಿಬುದ್ಧೀ, ನೀರು…” ಎಂದಳು. ಮರಿದೇವ ತಲೆಯೆತ್ತದೆ, “ಸ್ನಾನಕ್ಕೆ ನೀರು ಕಾದಿದೆ ತಾನೇ? ಬಂದೆವು, ನೀವು ನಡೆಯಿರಮ್ಮ” ಎಂದ. ಅವಳು ಒಂದು ಗಳಿಗೆ ನಿಂತು ಒಳಗೆ ಹೋದಳು. ಅವಳು ಹೋಗುವುದನ್ನೇ ನೋಡುತ್ತಿದ್ದ ಗುರುಗಳು ಆಮೇಲೆ ಮಾತು ತೆಗೆದರು.

ನಿನ್ನ ಕೈಯಲ್ಲಿರುವುದು ಅಂಥ ಹೊಸದೇನಲ್ಲ, ಮರಿ. ಹಿಂದೆ ಒಂದೂರಿನಲ್ಲಿ ಹುಡುಕಿ ಹೇಳುವವನೊಬ್ಬನಿದ್ದ. ಊರಬಾಗಿಲ ಪಕ್ಕದ ಮಂಟಪದಲ್ಲಿ ಒಂದು ಕಿಂಡಿ, ಕಿಂಡಿಯ ಒಳಗೆ ಅವನು. ತಪ್ಪಿಸಿಕೊಂಡ ಕರು ಯಾವ ತೋಪಿನಲ್ಲಿದೆ, ಅಗಲ ಬಾಯಿಯ ಗಡಿಗೆ ಯಾವ ಕುಂಬಾರನ ಮನೆಯಲ್ಲಿ ಸಿಗುತ್ತದೆ, ನೂರು ಮಾವಿನಕಾಯಿಗೆ ಎಷ್ಟು ಉಪ್ಪು ಹಾಕಬೇಕು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಕೇಳಿದವರು ಕಾಸು ಕೊಡುತ್ತಿರಲಿಲ್ಲ. ಉಟ್ಟ ಬಟ್ಟೆಯ ಅಂಚಿನಿಂದ ಒಂದು ಎಳೆ ಕಿತ್ತು ಕಿಂಡಿಯಲ್ಲಿ ಇಡುತ್ತಿದ್ದರು. ಅವನು ಅದನ್ನು ಗೋಡೆಯ ಗೂಟಕ್ಕೆ ಸುತ್ತುತ್ತಿದ್ದ.

ಒಂದೊಂದು ವಿಷಯಕ್ಕೆ ಒಂದೊಂದು ಗೂಟ. ಮಾವಿನ ಕಾಲದಲ್ಲಿ ಉಪ್ಪಿನಕಾಯಿಯ ಗೂಟ ದಪ್ಪವಾಗುತ್ತಿತ್ತು, ಮೊದಲ ಮಳೆಗೆ ಕಷಾಯದ ಗೂಟ. ಸಂಕಷ್ಟಿಯ ದಿನ ಉಪವಾಸವಿದ್ದ ಹೆಂಗಸರು ಚಂದ್ರ ಮೂಡುವ ಹೊತ್ತು ಕೇಳಲು ಬರುತ್ತಿದ್ದರು, ಆವತ್ತು ಚಂದ್ರನ ಗೂಟ ಮೈತುಂಬಿಕೊಳ್ಳುತ್ತಿತ್ತು. ಏಳು ದಿನ ಯಾರೂ ಕೇಳದೆ ಹೋದ ಗೂಟದ ಎಳೆಗಳನ್ನು ಬಿಚ್ಚಿ ಕೆರೆಗೆ ಬಿಡುವುದು ವಾಡಿಕೆ. ಕಣ್ಣು ಮುಚ್ಚಿ ಗೂಟಗಳನ್ನು ಸವರಿದರೆ ಸಾಕು, ಅದು ಯಾವ ತಿಂಗಳೆಂದು ಅವನು ಹೇಳುತ್ತಿದ್ದ.

ಮೊದಮೊದಲು ಬಂದವರನ್ನು ಒಳಗೆ ಕರೆದು ಕೂರಿಸಿ ಕುಡಿಯಲು ನೀರು ಕೊಡುತ್ತಿದ್ದ. ಅವರು ಊರ ಸುದ್ದಿಯೆಲ್ಲ ಆಡಿ, ಎದ್ದು ಹೊರಡುವಾಗ ಹೊಸ್ತಿಲಲ್ಲಿ ನಿಂತು, ತಾವು ಕೇಳಬೇಕೆಂದಿದ್ದನ್ನು ಮೆಲ್ಲಗೆ ಕೇಳುತ್ತಿದ್ದರು. ಅವನ ಹೆಸರು ಹಬ್ಬಿತು. ಸಾಲು ಕೆರೆಯ ಏರಿಯವರೆಗೂ ಬೆಳೆಯಿತು. ಆಗ ಅವನು ಹೊಸ ರೀತಿ ಹಿಡಿದ. ಮೊದಲ ಮಾತು ಕಿವಿಗೆ ಬಿದ್ದದ್ದೇ ತಡ, ಮಿಕ್ಕ ಪ್ರಶ್ನೆಯನ್ನು ತಾನೇ ಪೂರೈಸಿ ಉತ್ತರ ಕೊಟ್ಟುಬಿಡುತ್ತಿದ್ದ. ಉಪ್ಪು ಎಂದರೆ ಮಾವಿನಕಾಯಿ. ಮಗಳು ಎಂದರೆ ವರನ ಮನೆ. ಸಾಲು ಸರಸರನೆ ಸಾಗಿತು.

ಬಾಯಿ ಬಿಡುವಷ್ಟರಲ್ಲಿ ಮನಸ್ಸು ಓದಿಬಿಡುತ್ತಾನಲ್ಲ ಎಂದು ಜನ ಬೆರಗಾದರು. ಬೇರೇನೋ ಕೇಳಲು ಬಂದವರೂ ಅವರಲ್ಲಿದ್ದರು. ಹಿಂದಿನವರ ತಳ್ಳಾಟಕ್ಕೆ ಸಂಕೋಚಪಟ್ಟು, ನಾನು ಕೇಳಬೇಕೆಂದಿದ್ದೂ ಇದೇ ಇರಬೇಕು ಎಂದುಕೊಂಡು, ಎಳೆ ಇಟ್ಟು ಹೋಗುತ್ತಿದ್ದರು. ಅವನಿಗೆ ಅದು ತಿಳಿಯಲಿಲ್ಲ. ಕಿಂಡಿಯಲ್ಲಿ ಬಂದುಹೋಗುವ ಬೆರಳ ತುದಿಗಳಷ್ಟೇ ಅವನಿಗೆ ಕಾಣುತ್ತಿದ್ದವು.

ಆ ಅಭ್ಯಾಸವನ್ನು ಪುಣ್ಯಾತ್ಮ ಮನೆಗೂ ಹೊತ್ತುಕೊಂಡು ಹೋದ. ಹೆಂಡತಿ ‘ಇವತ್ತು’ ಎಂದರೆ ಅನ್ನ ಸಾಕು ಎನ್ನುತ್ತಿದ್ದ. ‘ನನಗೆ’ ಎಂದರೆ ನಾಳೆ ತರುತ್ತೇನೆ ಎನ್ನುತ್ತಿದ್ದ. ಮಲಗಿದರೆ ಕನಸಿನಲ್ಲೂ ಆ ಎಳೆಗಳೇ. ಅವು ಗೂಟ ಬಿಟ್ಟು ಮೇಲೆದ್ದು, ಕೆರೆಯ ಮೇಲಿನ ಮಂಜಿನ ಹಾಗೆ ತೇಲುತ್ತಿದ್ದವು. ಅವನು ಅವುಗಳ ನಡುವೆ ನೆಲಕ್ಕೆ ಕಾಲು ತಾಗದಂತೆ ನಡೆಯುತ್ತಿದ್ದ. ಊರಿನ ಮನಸ್ಸಿನೊಳಗೇ ಓಡಾಡುತ್ತಿದ್ದೇನೆ ಎಂದು ಅವನಿಗೆ ಬಹಳ ಸುಖವಾಗುತ್ತಿತ್ತು.

ಹೀಗಿರುವಾಗ ಚಂದ್ರನ ಗೂಟ ಬೆಳೆಯತೊಡಗಿತು. ಸಂಕಷ್ಟಿಯಲ್ಲದ ದಿನವೂ ಯಾರೋ ‘ಚಂದ್ರ’ ಎನ್ನುತ್ತಿದ್ದರು. ಅವನು ಮೂಡುವ ಹೊತ್ತು ಹೇಳಿ ಮುಂದಿನವರನ್ನು ಕರೆಯುತ್ತಿದ್ದ. ಅಮಾವಾಸ್ಯೆಯ ದಿನವೂ ಆ ಮಾತು ಬಂತು. ಇವತ್ತು ಚಂದ್ರನೇ ಇಲ್ಲವಲ್ಲ ಎಂದು ಹೇಳಿ ಎಳೆ ಸುತ್ತುವಾಗ ಅವನ ಕೈ ಸ್ವಲ್ಪ ತಡೆಯಿತು. ಅಷ್ಟರಲ್ಲಿ ಹಿಂದಿನವನು ‘ಉಪ್ಪು’ ಎಂದ.

ಮೂರು ತಿಂಗಳು ಕಳೆದವು. ಊರಗೌಡ ಗೂಟಗಳನ್ನು ನೋಡಲು ಬಂದ. ಮಿಕ್ಕವು ಕಾಲಕ್ಕೆ ತಕ್ಕಂತೆ ತುಂಬಿ ಬರಿದಾಗಿದ್ದವು. ಚಂದ್ರನ ಗೂಟವೊಂದೇ ಒಂದು ದಿನವೂ ತಪ್ಪದೆ ಬೆಳೆದಿತ್ತು. ಊರಿಗೆ ಊರೇ ಚಂದ್ರನಿಗಾಗಿ ಹಂಬಲಿಸುತ್ತಿರುವಾಗ ತನಗೆ ಗೊತ್ತೇ ಆಗಲಿಲ್ಲವಲ್ಲ ಎಂದು ಗೌಡ ಪೇಚಾಡಿಕೊಂಡ. ಏರಿಯ ಮೇಲೆ ಚಂದ್ರನನ್ನು ನೋಡಲು ಕಲ್ಲಿನ ಕಟ್ಟೆ ಕಟ್ಟಿಸಿ ಡಂಗುರ ಸಾರಿಸಿದ. ಡಂಗುರ ಕೇಳಿದ ಜನ, ಊರೆಲ್ಲ ಚಂದ್ರನ ಗುಂಗಿನಲ್ಲಿರುವಾಗ ತಾವೊಬ್ಬರೇ ಸುಮ್ಮನಿರುವುದು ಹೇಗೆ ಎಂದುಕೊಂಡರು. ಮಾರನೆಯ ದಿನದಿಂದ ಸಾಲಿನಲ್ಲಿದ್ದವರೆಲ್ಲ ಚಂದ್ರನನ್ನೇ ಕೇಳಿದರು.

ಹುಣ್ಣಿಮೆಯ ದಿನ ಕಟ್ಟೆಯ ಪೂಜೆ. ಮಧ್ಯಾಹ್ನದ ಹೊತ್ತಿಗೆ ಆ ಗೂಟಕ್ಕೆ ಇನ್ನೊಂದು ಎಳೆಯೂ ಹಿಡಿಯದಾಯಿತು. ಅವನು ಗೂಟವನ್ನು ಕಿತ್ತು ಮಡಿಲಲ್ಲಿಟ್ಟುಕೊಂಡು ಬಿಚ್ಚಲು ಕುಳಿತ. ಮೇಲೆಲ್ಲ ಊರವರ ಎಳೆಗಳು, ಕೆಂಪು, ಬಿಳಿ, ಹಳದಿ. ಅವನ್ನು ಬಿಚ್ಚಿದ ಮೇಲೆ ಗಿಳಿಹಸಿರು ಬಂತು. ಬಿಚ್ಚಿದಷ್ಟೂ ಗಿಳಿಹಸಿರೇ. ನಡುನಡುವೆ ಸಂಕಷ್ಟಿಯ ಒಂದೊಂದು ಸುತ್ತು ಬಿಟ್ಟರೆ, ಗೂಟದ ಮರ ಕಾಣುವವರೆಗೂ ಅದೇ ಬಣ್ಣ.

ಅದು ಅವನಿಗೆ ಗೊತ್ತಿದ್ದ ಬಣ್ಣ. ಮದುವೆಯಾದ ವರ್ಷ ಗೌರಿಹಬ್ಬಕ್ಕೆ ತಾನೇ ಆರಿಸಿ, ತಾನೇ ತಂದ ಸೀರೆ. ಇಷ್ಟು ದಿನವೂ ಊರೆಂದು ಅವನು ತಿಳಿದದ್ದು ಅವನ ಮನೆಯವಳೊಬ್ಬಳನ್ನೇ. ಮನೆಯಲ್ಲಿ ಕೇಳಿಸಿಕೊಳ್ಳದ ಗಂಡನ ಮುಂದೆ ಅವಳು ದಿನವೂ ಸಾಲಿನಲ್ಲಿ ಬಂದು ನಿಂತಿದ್ದಳು. ಅವನು ಕಿಂಡಿಯನ್ನು ಹಾಗೇ ತೆರೆದು ಬಿಟ್ಟು ಏರಿಯ ಕಡೆಗೆ ಓಡಿದ.

ಸಂಜೆಯಾಗಿತ್ತು. ಊರೆಲ್ಲ ಕಟ್ಟೆಯ ಮೇಲೆ ಮೂಡಣಕ್ಕೆ ಮುಖ ಮಾಡಿ ನಿಂತಿತ್ತು. ಕೆರೆಯ ನೀರು ಅಲುಗದೆ ಮಲಗಿತ್ತು. ಅವಳು ಕಟ್ಟೆಯ ತುದಿಯಲ್ಲಿದ್ದಳು. ಸೀರೆಗೆ ಅಂಚೇ ಉಳಿದಿರಲಿಲ್ಲ. ಚಂದ್ರ ಬಂದ ಎಂದು ಜನ ಹೇಳಿದಾಗ ಅವಳು ದನಿ ಬಂದ ಕಡೆಗೆ ಮುಖ ತಿರುಗಿಸಿದಳು, ಅಲ್ಲಿ ಜನರಿದ್ದರು, ಚಂದ್ರನಿರಲಿಲ್ಲ. ಅವನು ಹೋಗಿ ಅವಳ ಕೈ ಹಿಡಿದ.

“ಏನು ಕೇಳಬೇಕಿತ್ತು, ಕೇಳು. ನಾನು ನಡುವೆ ಬಾಯಿ ಹಾಕುವುದಿಲ್ಲ.”

ಅವನು ಕಾದ.

“ಚಂದ್ರ ಯಾಕೆ ಮಬ್ಬಾಗಿ ಕಾಣುತ್ತಾನೆ, ದೋಷ ನನ್ನ ಕಣ್ಣಿನದೋ ಏನೋ, ಯಾರಿಗೆ ತೋರಿಸಲಿ ಅಂತ ಕೇಳಬೇಕಿತ್ತು,” ಎಂದಳು ಅವಳು. “ಈಗ ಚಂದ್ರನೇ ಕಾಣಿಸುವುದಿಲ್ಲ. ನೀವೂ ಕಾಣಿಸುವುದಿಲ್ಲ.”

ಆ ಪ್ರಶ್ನೆಗೂ ಅವನಲ್ಲಿ ಉತ್ತರವಿತ್ತು. ಕೆರೆಯಾಚೆಯ ಊರಿನಲ್ಲಿ ಕಣ್ಣಿನ ಪಂಡಿತನಿದ್ದ. ಮಬ್ಬು ಹಿಡಿದ ತಿಂಗಳೊಳಗೆ ಹೋದರೆ ಅವನ ಮದ್ದು ನಾಟುತ್ತದೆ ಎಂಬುದೂ ಗೊತ್ತಿತ್ತು. ಎಷ್ಟೋ ಜನರಿಗೆ ಅವನೇ ದಾರಿ ಹೇಳಿ ಕಳಿಸಿದ್ದ. ಕಟ್ಟೆಯ ಮೇಲೆ ಜನ ಚಂದ್ರನಿಗೆ ಕೈ ಮುಗಿಯುತ್ತಿದ್ದರು. ಗೌಡ, ನಮ್ಮೂರ ಮನಸ್ಸನ್ನು ತಿಳಿದವನು ಇವನೇ ಎಂದು ಅವನನ್ನು ತೋರಿಸುತ್ತಿದ್ದ. ಅವನು ಹೆಂಡತಿಯ ಕೈ ಹಿಡಿದುಕೊಂಡು, ಮೆಟ್ಟಿಲು ಬಂದಾಗಲೆಲ್ಲ ಮೆಟ್ಟಿಲು ಎಂದು ಹೇಳುತ್ತಾ ಕೆಳಗಿಳಿದ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವನ ಕೈಯಲ್ಲಿದ್ದ ಮೊಬೈಲು ಎಷ್ಟು ಹೊತ್ತಿನ ಹಿಂದೆಯೋ ಆರಿಹೋಗಿತ್ತು.

“ಆ ತಾಯಿಗೆ ಮತ್ತೆ ಕಣ್ಣು ಬಂತೇ, ಬುದ್ಧೀ?” ಎಂದು ಅವನು ಕೇಳಿದ.

ಗುರುಗಳು ಪೂಜೆಗೆಂದು ಮೇಲೆದ್ದರು. ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ಇರಲಿಲ್ಲ. ಮರಿದೇವ ಉತ್ತರಕ್ಕೆ ಕಾದು ಅವರ ಮುಖ ನೋಡಿದ, ಆಮೇಲೆ ದೇವೀರಮ್ಮ ಬಂದು ನಿಂತಿದ್ದ ಬಾಗಿಲನ್ನು ನೋಡಿದ. ಗುರುಗಳು ಹೇಳಿದ್ದು ಇಷ್ಟೇ:

“ದೇವೀರಮ್ಮ ‘ನೀರು’ ಅಂದ ಮೇಲೆ ಏನು ಹೇಳುವವಳಿದ್ದಳು, ಮರಿ?”